ನನ್ನ ಚುಕ್ಕೆ ಎಲ್ಲಿ? 38 ಕಾರ್ಡು, 100 ಬೆಂಕಿಕಡ್ಡಿಯ ಅನುಭವ

"ಕಾರ್ಡು ಜೋಡಿಸಿ ರಾಜಕೀಯ ನಿಲುವು ಅಳೆಯುತ್ತಾನಂತೆ" ಎಂದು ನಕ್ಕವರಲ್ಲಿ ಇಬ್ಬರು ಹೋದ ತಿಂಗಳು ಬಂದು ಅದೇ ಕಾರ್ಡಿನ ಕಟ್ಟು ಕೇಳಿಕೊಂಡು ಹೋದರು. ಅದಕ್ಕೇ ಈಗ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ಎಡ-ಬಲ ಅಂದರೇನು, ನಿಲುವನ್ನು ಒಂದು ಚುಕ್ಕೆಯಾಗಿ ತೋರಿಸುವ ಎರಡು ಅಕ್ಷದ ನಕ್ಷೆ (ಅಡ್ಡಕ್ಕೆ ಆರ್ಥಿಕ ನಿಲುವು, ಉದ್ದಕ್ಕೆ ಸಾಮಾಜಿಕ ನಿಲುವು) ಹೇಗೆ ಓದಬೇಕು ಎಂಬುದೆಲ್ಲ ನಿಮಗೆ ಗೊತ್ತಿರುವುದೇ. ನೇರ ನಾನು ಎಡವಿದ ಜಾಗಗಳಿಗೆ ಬರುತ್ತೇನೆ.

ಶುರು ಮಾಡಿದ್ದು ಎಲ್ಲರ ಹಾಗೆ, ರಾಜಕೀಯ ನಿಲುವು ಅಳೆಯುವ ಆನ್‌ಲೈನ್ ಪರೀಕ್ಷೆಯಾದ ಪೊಲಿಟಿಕಲ್ ಕಂಪಾಸ್‌ನಿಂದ. 62 ಹೇಳಿಕೆ, ನಾಲ್ಕೇ ಉತ್ತರ, ನಡುವೆ ಜಾರಿಕೊಳ್ಳಲು ಜಾಗವಿಲ್ಲ. ಮೊದಲ ಸಲ ಆರ್ಥಿಕ ಅಕ್ಷದಲ್ಲಿ ಮೈನಸ್ 3ರ ಆಸುಪಾಸು ಬಂತು (ಮೈನಸ್ ಅಂದರೆ ಎಡ, ಸರ್ಕಾರ ಹೆಚ್ಚು ಕೈಹಾಕಲಿ ಎನ್ನುವ ಕಡೆ; ಪ್ಲಸ್ ಅಂದರೆ ಬಲ, ಮಾರುಕಟ್ಟೆಗೆ ಬಿಡಿ ಎನ್ನುವ ಕಡೆ). ವಾರ ಬಿಟ್ಟು ಮತ್ತೆ ಮಾಡಿದೆ. ಸೊನ್ನೆ ದಾಟಿ ಪ್ಲಸ್ 1! ಒಂದು ವಾರದಲ್ಲಿ ಏನಾಗಿತ್ತು? ಸಂಬಳದ ಚೀಟಿ ಬಂದಿತ್ತು. ತೆರಿಗೆ ಎಷ್ಟು ಹಿಡಿದಿದ್ದಾರೆ ಅಂತ ನೋಡಿ ಹೊಟ್ಟೆ ಉರಿದಿತ್ತು. ಅಷ್ಟೇ.

ಆಮೇಲೆ 8ವ್ಯಾಲ್ಯೂಸ್, ಅದೂ ಇಂಥದೇ ಆನ್‌ಲೈನ್ ಪರೀಕ್ಷೆ. ಅಲ್ಲಿ 70 ಪ್ರಶ್ನೆ, ತಟಸ್ಥ ಅನ್ನುವ ಬಟನ್ ಬೇರೆ ಇದೆ. ಡೌಟು ಬಂದಲ್ಲೆಲ್ಲ ಅದನ್ನೇ ಒತ್ತಿದೆ, ಸುಮಾರು 25 ಸಲ ಇರಬೇಕು. ಕೊನೆಗೆ ನಾನು 'ಮಧ್ಯಮ' ಎಂದಿತು. ಆಗಲ್ವಾ ಮತ್ತೆ?

ಇನ್ನು ದುಡ್ಡು ಕಳೆದುಕೊಂಡ ಕಥೆ. ಹಣ ಕೊಟ್ಟರೆ 'ಆಳವಾದ ವರದಿ' ಕಳಿಸುತ್ತೇವೆ ಎಂದ ಒಂದು ಕಡೆ ಅರ್ಧ ದಿನದ ದುಡಿಮೆ ಸುರಿದೆ. ಹದಿನಾಲ್ಕೋ ಹದಿನೈದೋ ಪುಟ ಬಂತು. "ನೀವು ನ್ಯಾಯಪ್ರಿಯರು, ಆದರೆ ವ್ಯವಹಾರ ಬಲ್ಲವರು" ಅಂತೆಲ್ಲ ಇತ್ತು. ಓದಿದರೆ ಥೇಟ್ ವಾರಭವಿಷ್ಯ. ಅದೂ ಸಾಲದೆ ವಿಡಿಯೋ ತರಗತಿಗೆ ಎರಡು ದಿನದ ಸಂಬಳ ಹೋಯಿತು. ಅಲ್ಲಿ ಕಲಿಸಿದ್ದು ನಿಮಗೆ ಗೊತ್ತಿರುವುದೇ ಅಂತ ಮೇಲೆ ಹೇಳಿದೆನಲ್ಲ, ಅದೇ. ನನ್ನ ಸ್ವಂತ ವಿಧಾನಕ್ಕೆ ಆದ ಖರ್ಚು ಒಂದು ಕಟ್ಟು ದಪ್ಪ ಕಾಗದ, ಒಂದು ಪೆನ್ಸಿಲ್, ಎರಡು ಪೊಟ್ಟಣ ಬೆಂಕಿಕಡ್ಡಿ.

ಕಾರ್ಡಿನ ಐಡಿಯಾ ಹುಟ್ಟಿದ್ದು ಒಂದು ಹಳೇ ಪ್ರಯೋಗದಿಂದ. 1941ರಲ್ಲಿ ಡೊನಾಲ್ಡ್ ರಗ್ಗ್ ಎಂಬಾತ ಅದನ್ನು ಪ್ರಕಟಿಸಿದ್ದ. ಅಮೆರಿಕದಲ್ಲಿ ಒಂದೇ ಪ್ರಶ್ನೆಯನ್ನು ಎರಡು ರೀತಿ ಕೇಳಲಾಗಿತ್ತು. ಪ್ರಜಾಪ್ರಭುತ್ವದ ವಿರುದ್ಧದ ಭಾಷಣಕ್ಕೆ 'ಅವಕಾಶ ಕೊಡಬೇಕೇ' ಎಂದಾಗ ಶೇ. 62 ಮಂದಿ ಬೇಡ ಎಂದರು. 'ನಿಷೇಧಿಸಬೇಕೇ' ಎಂದಾಗ ಹೌದು ಎಂದವರು ಶೇ. 46 ಮಾತ್ರ. ಮಾತು ಒಂದೇ, ಪದ ಬೇರೆ. ಹಾಗಾದರೆ ನನ್ನ ಉತ್ತರಗಳಲ್ಲಿ ಪದಕ್ಕೆ ಕೊಟ್ಟ ಉತ್ತರ ಎಷ್ಟು, ವಿಷಯಕ್ಕೆ ಕೊಟ್ಟದ್ದೆಷ್ಟು?

19 ವಿಷಯ ಆರಿಸಿಕೊಂಡೆ. ಪ್ರತಿಯೊಂದಕ್ಕೂ ಎರಡು ಕಾರ್ಡು, ಒಂದು ನೇರ, ಒಂದು ಉಲ್ಟಾ. ಎಲ್ಲ ಕಲಸಿ ಇಸ್ಪೀಟಿನ ಹಾಗೆ ಒಂದೊಂದೇ ಎತ್ತಿ ಮೈನಸ್ 10ರಿಂದ ಪ್ಲಸ್ 10ರ ಒಳಗೆ ಅಂಕ ಹಾಕಿದೆ, ಹಿಂದುಗಡೆ ಪೆನ್ಸಿಲ್‌ನಲ್ಲಿ ತಾರೀಖಿನ ಜೊತೆ. ಮೊದಲ ಸುತ್ತಿನಲ್ಲೇ ಮಾನ ಹೋಯಿತು. "ಮನೆ ಬಾಡಿಗೆಗೆ ಸರ್ಕಾರ ಮಿತಿ ಹಾಕಬೇಕು" ಎಂಬುದಕ್ಕೆ ಹೌದು. ಹತ್ತು ಕಾರ್ಡು ಬಿಟ್ಟು "ಬಾಡಿಗೆ ಎಷ್ಟು ಅಂತ ಮಾಲೀಕರೇ ತೀರ್ಮಾನಿಸಲಿ" ಎಂಬುದಕ್ಕೂ ಹೌದು! ಹೀಗೆ ಆರು ಜೋಡಿ ಸಿಕ್ಕಿಬಿದ್ದವು. ಎದುರಿಗಿರುವವರು ಹೇಳಿದ್ದಕ್ಕೆಲ್ಲ ತಲೆ ಆಡಿಸುವ ಚಾಳಿ ನನಗಿದೆ ಅಂತ ಮನೆಯವಳು ಮೊದಲೇ ಹೇಳಿದ್ದಳು.

ಮೂರು ವಾರಕ್ಕೊಮ್ಮೆ ಹೀಗೆ ಐದು ಸುತ್ತು ಮಾಡಿದೆ. ಅಂತರ ಇದಕ್ಕಿಂತ ಕಡಿಮೆ ಇದ್ದರೆ ಹಳೇ ಉತ್ತರ ನೆನಪಿರುತ್ತದೆ, ಕೆಲಸಕ್ಕೆ ಬರಲ್ಲ. ಮೂರು ಸಲ ಮಗುಚಿಕೊಂಡ ವಿಷಯವನ್ನು ಪಕ್ಕಕ್ಕಿಟ್ಟು ಬೇರೆ ಬರೆದೆ. ಬೇಜಾರಾಗಿತ್ತು, ಆದರೆ ಅಮೆರಿಕದ ರಾಜಕೀಯ ವಿಜ್ಞಾನಿ ಫಿಲಿಪ್ ಕಾನ್ವರ್ಸ್ 1964ರಲ್ಲೇ ಇದನ್ನು ಬರೆದಿದ್ದಾನೆ. ಅದೇ ಜನರನ್ನು ಎರಡು ವರ್ಷ ಬಿಟ್ಟು ಅದೇ ಪ್ರಶ್ನೆ ಕೇಳಿದರೆ ಎಷ್ಟೋ ಮಂದಿಯ ಉತ್ತರ ನಾಣ್ಯ ಚಿಮ್ಮಿದ ಹಾಗೆ ಬದಲಾಗುತ್ತಿತ್ತು. ನಾನೊಬ್ಬನೇ ಅಲ್ಲವಲ್ಲ ಅಂತ ಸಮಾಧಾನವಾಯಿತು.

ಈಗ ಬೆಂಕಿಕಡ್ಡಿ. ನಿಜ ಹೇಳಬೇಕೆಂದರೆ ಇಡೀ ವಿಧಾನದ ಜೀವ ಇದೇ. ಎಂಟು ಚೀಟಿ ಮೇಜಿನ ಮೇಲೆ ಹರಡಿ: ಆಸ್ಪತ್ರೆ, ಶಾಲೆ, ಪೊಲೀಸ್, ಸೇನೆ, ರಸ್ತೆ, ಪಿಂಚಣಿ, ಬಡವರಿಗೆ ನೇರ ಹಣ. ಎಂಟನೆಯದು 'ಜನರ ಜೇಬಲ್ಲೇ ಇರಲಿ', ಅಂದರೆ ವಸೂಲಿ ಮಾಡದೆ ಬಿಟ್ಟ ತೆರಿಗೆ. 100 ಕಡ್ಡಿ ಹಂಚಬೇಕು. ಮೊದಲು ಇದನ್ನು ಎಕ್ಸೆಲ್‌ನಲ್ಲಿ ಮಾಡಿ ಕೆಟ್ಟೆ. ಎಲ್ಲಕ್ಕೂ 12, 13 ಅಂತ ಟೈಪ್ ಮಾಡಿ ಎದ್ದುಬಿಡಬಹುದು. ಕಡ್ಡಿ ಹಾಗಲ್ಲ. ಸೇನೆಯ ಗುಡ್ಡೆಯಿಂದ ಎರಡು ಎತ್ತಿ ಪಿಂಚಣಿಗೆ ಇಟ್ಟೆ, ಒಂದನ್ನು ವಾಪಸ್ ಇಟ್ಟೆ, ಮತ್ತೆ ಎತ್ತಿದೆ. ಮುಕ್ಕಾಲು ಗಂಟೆ ಹಿಡಿಯಿತು. ಮುಗಿದಾಗ ಎಂಟನೇ ಚೀಟಿಯ ಮೇಲೆ ಇದ್ದದ್ದು ನಾಲ್ಕೇ ಕಡ್ಡಿ. ಕಾರ್ಡಿನಲ್ಲಿ "ತೆರಿಗೆ ಇಳಿಸಬೇಕು" ಎಂಬುದಕ್ಕೆ ಐದೂ ಸುತ್ತು ಗಟ್ಟಿಯಾಗಿ ಹೌದು ಎಂದವನು ನಾನೇ!

ಆಮೇಲೆ 20 ಕಡ್ಡಿ ವಾಪಸ್ ತೆಗೆಯಬೇಕು. ಯಾವುದಕ್ಕೆ ಎಷ್ಟು ಇಟ್ಟಿರಿ ಎಂಬುದಕ್ಕಿಂತ ಮೊದಲ ಕಡ್ಡಿ ಎಲ್ಲಿಂದ ತೆಗೆದಿರಿ ಎಂಬುದನ್ನು ಬರೆದಿಟ್ಟುಕೊಳ್ಳಿ.

ನಡುವೆ ಕೆಲವು ಅಡ್ಡದಾರಿ ಹಿಡಿದೆ. ಬೆಳಿಗ್ಗೆ ಮಾಡಿದರೆ, ರಾತ್ರಿ ಮಾಡಿದರೆ ಉತ್ತರ ಬದಲಾಗುತ್ತಾ ಅಂತ ನೋಡಿದೆ. ಏನೂ ಇಲ್ಲ, ಸುಮ್ನೆ ಒಂದೂವರೆ ತಿಂಗಳು ದಂಡ. ಇನ್ನೊಂದರಲ್ಲಿ ಹತ್ತು ಸರ್ಕಾರಿ ತೀರ್ಮಾನ ಬರೆದು, ನನಗೆ ಇಷ್ಟವಾದ ನಾಯಕರ ಹೆಸರಲ್ಲಿ ಒಮ್ಮೆ, ಕಂಡರಾಗದವರ ಹೆಸರಲ್ಲಿ ಒಮ್ಮೆ ಅಂಕ ಹಾಕಿದೆ. ನಾಲ್ಕರಲ್ಲಿ ಉತ್ತರವೇ ತಿರುಗಿತು. ಆ ನಾಲ್ಕು ಯಾವುವು ಅಂತ ಮಾತ್ರ ಕೇಳಬೇಡಿ. ಮೂರನೆಯದಕ್ಕೆ ಮನೆಯವಳನ್ನು ಕೂರಿಸಿ ನನ್ನ ಉತ್ತರ ಊಹಿಸು ಎಂದೆ. ಕಾರ್ಡಿನಲ್ಲಿ ಅರ್ಧಕ್ಕರ್ಧ ತಪ್ಪಿದಳು. ಕಡ್ಡಿಯಲ್ಲಿ ಹೆಚ್ಚುಕಮ್ಮಿ ಸರಿಯಾಗಿಯೇ ಹೇಳಿದಳು.

ವಿಷಯಕ್ಕೆ ತೂಕ ಹಾಕದೆ ಸರಾಸರಿ ತೆಗೆಯಬೇಡಿ. ಜರ್ಮನಿಯಲ್ಲಿ 2002ರಿಂದ ನಡೆಯುತ್ತಿರುವ, ಮತದಾರರ ಉತ್ತರಗಳನ್ನು ಪಕ್ಷಗಳ ನಿಲುವಿಗೆ ಹೋಲಿಸಿ ತೋರಿಸುವ ಆನ್‌ಲೈನ್ ಸಾಧನ ವಾಲ್-ಓ-ಮಾಟ್‌ನಲ್ಲಿ ಮುಖ್ಯ ಎನಿಸಿದ ಹೇಳಿಕೆಗೆ ಎರಡು ಪಟ್ಟು ತೂಕ ಕೊಡಬಹುದು. ಅಲ್ಲೂ ಸಾಮಾನ್ಯವಾಗಿ 38 ಹೇಳಿಕೆ ಇರುತ್ತವೆ, ನನ್ನ 38 ಕಾಕತಾಳೀಯ. ನಾನು ತೂಕ ಕಟ್ಟುವುದು ಕಡ್ಡಿಯ ಲೆಕ್ಕದಿಂದ. ಹೇಗೆ ಅಂತ ಇಲ್ಲಿ ಹೇಳಲ್ಲ, ಗೊತ್ತಾದರೆ ಕೈ ತಾನಾಗಿ ಕಳ್ಳಾಟ ಆಡುತ್ತದೆ.

ಕೊನೆಗೆ ಬಂದ ಸರಾಸರಿ ಸೊನ್ನೆಯ ಪಕ್ಕವೇ, ಮೈನಸ್ ಅರ್ಧ. ಇಷ್ಟಕ್ಕಾ ಇಷ್ಟೆಲ್ಲ ಅಂತ ಆಫೀಸಿನ ಗೆಳೆಯ ನಕ್ಕ. ಅವನದನ್ನೂ ಅಳೆದೆ, ಅವನೂ ಸೊನ್ನೆಯ ಹತ್ತಿರವೇ. ಆದರೆ ಅವನ 19 ವಿಷಯಗಳೂ ಮೈನಸ್ 1 ಮತ್ತು ಪ್ಲಸ್ 1ರ ಒಳಗೆ ಗುಂಪಾಗಿ ಕೂತಿದ್ದವು. ನನ್ನವು ಮೈನಸ್ 8ರಿಂದ ಪ್ಲಸ್ 7ರ ತನಕ ಚೆಲ್ಲಾಡಿದ್ದವು. ಅವನಿಗೆ ಯಾವ ಸರ್ಕಾರ ಬಂದರೂ ನಿದ್ದೆ ಬರುತ್ತದೆ. ನನಗೆ ಯಾವುದು ಬಂದರೂ ಅರ್ಧ ವಿಷಯಕ್ಕೆ ಜಗಳ. ನಕ್ಷೆಯ ಮೇಲೆ ಮಾತ್ರ ಇಬ್ಬರದೂ ಒಂದೇ ಚುಕ್ಕೆ! 1789ರಲ್ಲಿ ಫ್ರಾನ್ಸಿನ ಸಭೆಯಲ್ಲಿ ರಾಜನಿಗೆ ವೀಟೋ (ಕಾನೂನು ತಡೆಯುವ ಅಧಿಕಾರ) ಇರಲಿ ಎಂದವರು ಬಲಕ್ಕೆ, ಬೇಡ ಎಂದವರು ಎಡಕ್ಕೆ ಕೂತರಲ್ಲ, ಅಲ್ಲಿ ಮುಂದಿದ್ದ ಪ್ರಶ್ನೆ ಒಂದು, ಹಾಗಾಗಿ ಒಂದು ಕುರ್ಚಿ ಸಾಕಾಯಿತು. 19 ಪ್ರಶ್ನೆಗೆ ಸಾಕಾಗಲ್ಲ. ಈಗ ನಾನು ಚುಕ್ಕೆ ಹಾಕುವುದನ್ನೇ ಬಿಟ್ಟಿದ್ದೇನೆ. ಉದ್ದಕ್ಕೆ ಒಂದು ಪಟ್ಟಿ ಎಳೆದು, ಕಡ್ಡಿ ಜಾಸ್ತಿ ಬಿದ್ದ ಕಡೆ ದಪ್ಪ ಮಾಡುತ್ತೇನೆ. ಇಲ್ಲಿಯವರೆಗೆ ಮೂವತ್ತು ಜನರದ್ದಾದರೂ ಎಳೆದಿರಬೇಕು. ಯಾರೂ "ಇದು ನಾನಲ್ಲ" ಎಂದಿಲ್ಲ.

ಕಾರ್ಡು ಒಯ್ದ ಇಬ್ಬರಲ್ಲಿ ಒಬ್ಬ ಮೊನ್ನೆ ಕಟ್ಟು ವಾಪಸ್ ಕೊಟ್ಟ. ಎಣಿಸಿದರೆ 37. ಬಾಡಿಗೆಯ ಉಲ್ಟಾ ಕಾರ್ಡು ಇಲ್ಲ. ಅವನಿಗೆ ಮೂರು ಮನೆ ಬಾಡಿಗೆಗಿವೆ. ಏನೂ ಕೇಳದೆ ಹೊಸದೊಂದು ಬರೆದು ಸೇರಿಸಿದ್ದೇನೆ.