ಸ್ಪರ್ಧೆಗೆ ಫೋಟೊ ಕಳಿಸುವ ಮುನ್ನ ನಾನು ಓದುವ ಸಾಲುಗಳು

ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನ. ಅದರ ಹಿಂದುಮುಂದಿನ ವಾರಗಳಲ್ಲಿ ನಮ್ಮ ವಾಟ್ಸ್ಯಾಪ್ ಗುಂಪಿಗೆ ಆನ್‌ಲೈನ್ ಫೋಟೊ ಸ್ಪರ್ಧೆಗಳ ಪೋಸ್ಟರ್‌ಗಳು ಒಂದರ ಹಿಂದೊಂದು ಬಂದು ಬೀಳುತ್ತವೆ. ಗುಂಪಿನಲ್ಲಿರುವವರೆಲ್ಲ ಹವ್ಯಾಸಿಗಳೇ. ಶಿಕ್ಷಕರು, ಮೆಡಿಕಲ್ ಸ್ಟೋರಿನವರು, ಒಬ್ಬ ಎಲೆಕ್ಟ್ರಿಷಿಯನ್, ಬ್ಯಾಂಕಿನಲ್ಲಿ ಕೆಲಸ ಮಾಡುವ ನಾನು. ಪೋಸ್ಟರ್ ಕಂಡ ಕೂಡಲೇ ಹಾರ್ಡ್‌ಡಿಸ್ಕ್ ತೆಗೆದು ಕೂರುವವರು ಕೆಲವರಾದರೆ, ತಿರುಗಿಯೂ ನೋಡದವರು ಕೆಲವರು. ನಾನು ಕೆಲವಕ್ಕೆ ಕಳಿಸುತ್ತೇನೆ, ಬಹುಪಾಲಿಗೆ ಕಳಿಸುವುದಿಲ್ಲ. ಬಹುಮಾನ ಎಷ್ಟು ಎಂಬುದನ್ನು ಕೊನೆಗೆ ನೋಡುತ್ತೇನೆ. ಅದಕ್ಕೂ ಮೊದಲು ಎರಡು ವಿಷಯ ಗೊತ್ತಾಗಬೇಕು: ಈ ಚಿತ್ರವನ್ನು ಯಾರು, ಹೇಗೆ ನೋಡುತ್ತಾರೆ? ನೋಡಿದ ಮೇಲೆ ಅದು ಯಾರ ಕೈಯಲ್ಲಿ ಉಳಿಯುತ್ತದೆ?

ನಾನು ಶುರು ಮಾಡಿದ್ದು ಸಲಾನ್‌ಗಳಿಂದ, ಅಂದರೆ ತೀರ್ಪುಗಾರರು ಚಿತ್ರಗಳನ್ನು ಪ್ರದರ್ಶನಕ್ಕೆ ಆಯ್ದು ಬಹುಮಾನ ಕೊಡುವ ಸ್ಪರ್ಧೆಗಳಿಂದ. ಕರ್ನಾಟಕದಲ್ಲಿ ಸಲಾನ್ ಹೊಸದೇನಲ್ಲ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಲ್ಲಿ ಹುಟ್ಟಿದ ಕ್ಲಬ್. ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥ ವನ್ಯಜೀವಿ ಛಾಯಾಗ್ರಾಹಕರು ನಮ್ಮಲ್ಲಿದ್ದರು. ಆಗೆಲ್ಲ ಪ್ರಿಂಟ್ ಹಾಕಿಸಿ, ಬೆನ್ನಿಗೆ ಹೆಸರು ಬರೆದು, ರಟ್ಟಿನ ನಡುವೆ ಇಟ್ಟು ಅಂಚೆಗೆ ಹಾಕಬೇಕಿತ್ತು. ಈಗ ಅಪ್‌ಲೋಡ್ ಮಾಡಿದರಾಯಿತು. ಛಾಯಾಗ್ರಹಣದ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್ ಅಥವಾ ಅಮೆರಿಕದ ಛಾಯಾಗ್ರಾಹಕರ ಸಂಘ ಪಿಎಸ್‌ಎ ಮಾನ್ಯತೆ ಇರುವ ಸಲಾನ್‌ಗಳಲ್ಲಿ ತೀರ್ಪುಗಾರರ ಹೆಸರನ್ನು ಮೊದಲೇ ಹೇಳಿರುತ್ತಾರೆ. ಚಿತ್ರ ತೆಗೆದವರು ಯಾರೆಂದು ತೀರ್ಪುಗಾರರಿಗೆ ಗೊತ್ತಿರುವುದಿಲ್ಲ. ಅವರು ಅಂಕ ಕೊಡುತ್ತಾರೆ, ಆ ಅಂಕ ನಮಗೂ ಬರುತ್ತದೆ. 'ಯಾರು ನೋಡುತ್ತಾರೆ' ಎಂಬ ಮೊದಲ ಪ್ರಶ್ನೆಗೆ ಇಲ್ಲಿ ನೇರ ಉತ್ತರ ಸಿಗುತ್ತದೆ.

ಸಲಾನ್‌ನಿಂದ ನನಗಾದ ದೊಡ್ಡ ಲಾಭ ಫಲಿತಾಂಶದ ದಿನ ಬಂದದ್ದಲ್ಲ, ಕಳಿಸುವ ಹಿಂದಿನ ರಾತ್ರಿಗಳಲ್ಲಿ ಬಂದದ್ದು. ಸಾಮಾನ್ಯವಾಗಿ ಒಂದು ವಿಭಾಗಕ್ಕೆ ನಾಲ್ಕೇ ಚಿತ್ರ. ಭದ್ರಾ ಹಿನ್ನೀರಿನಲ್ಲಿ ರಿವರ್ ಟರ್ನ್ ಹಕ್ಕಿಗಳನ್ನು ತೆಗೆಯಲು ಹೋದವರಿಗೆ ಗೊತ್ತು, ಒಂದು ಬೆಳಗ್ಗೆಯಲ್ಲಿ ಮೆಮೊರಿ ಕಾರ್ಡ್ ತುಂಬಿಹೋಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ನಡುಗಡ್ಡೆಗಳಲ್ಲಿ ಅವು ಮೊಟ್ಟೆ ಇಡುತ್ತವೆ. ಇಡೀ ದಿನ ಮೀನಿಗಾಗಿ ನೀರಿಗೆ ಬಿದ್ದೇಳುತ್ತವೆ. ಕೊಕ್ಕಿನಲ್ಲಿ ಮೀನು ಹಿಡಿದು ಹನಿ ಚಿಮ್ಮಿಸುತ್ತಾ ಮೇಲೇಳುವ ಟರ್ನ್, ಎಲ್ಲರ ಬಳಿಯೂ ಇರುವ ಚಿತ್ರ. ನನ್ನ ಬಳಿಯೂ ಇತ್ತು, ಚೆನ್ನಾಗಿಯೇ ಇತ್ತು. ಆದರೆ ನಾಲ್ಕೇ ಕಳಿಸಬೇಕು ಎಂದಾಗ ಪ್ರತಿ ಚಿತ್ರಕ್ಕೂ ಕೇಳಿಕೊಳ್ಳಲೇಬೇಕಾಗುತ್ತದೆ: ಇದನ್ನು ನಾನೇ ತೆಗೆಯಬೇಕಿತ್ತಾ, ಪಕ್ಕದ ದೋಣಿಯವನು ತೆಗೆದಿದ್ದರೂ ಹೀಗೇ ಇರುತ್ತಿತ್ತಾ? ಆ ಪ್ರಶ್ನೆಗೆ ನಿಂತದ್ದು ಬೇರೊಂದು ಫ್ರೇಮು. ನೀರಿನಿಂದ ಮೇಲೆದ್ದ ಒಣಮರದ ತುದಿಯಲ್ಲಿ, ಮೇ ತಿಂಗಳ ಮಳೆಗೆ ಅರ್ಧ ರೆಕ್ಕೆ ಬಿಚ್ಚಿ ನಿಂತ ಒಂದೇ ಟರ್ನ್. ತೆಗೆದ ದಿನ ಅದನ್ನು ನಾನು ಎರಡನೇ ಸಲ ನೋಡಿರಲೂ ಇಲ್ಲ.

ಅದರ ಬಲ ಮೂಲೆಯಲ್ಲಿ ಒಂದು ನೀಲಿ ಹಗ್ಗದ ತುಂಡು ಮರಕ್ಕೆ ಸಿಕ್ಕಿಕೊಂಡಿತ್ತು. ನೇಚರ್ ವಿಭಾಗದ ನಿಯಮ ಬಲು ಬಿಗಿ. ಮನುಷ್ಯನ ಕೈವಾಡ ಚಿತ್ರದಲ್ಲಿ ಇರಬಾರದು. ಮನೆಯ ಸೂರಿನಲ್ಲಿ ಬದುಕುವ ಗೂಬೆಯ ಹಾಗೆ ಅದು ಆ ಜೀವಿಯ ಕಥೆಯ ಭಾಗವೇ ಆಗಿದ್ದರೆ ಮಾತ್ರ ವಿನಾಯಿತಿ. ಹಾಗೆಂದು ಆ ಹಗ್ಗವನ್ನು ಕ್ಲೋನ್ ಮಾಡಿ, ಅಂದರೆ ಪಕ್ಕದ ಭಾಗವನ್ನು ನಕಲಿಸಿ ಅದರ ಮೇಲೆ ಮುಚ್ಚಿ, ಅಳಿಸುವಂತೆಯೂ ಇಲ್ಲ. ಏನನ್ನೂ ಸೇರಿಸಬಾರದು, ಏನನ್ನೂ ತೆಗೆಯಬಾರದು. ಕ್ರಾಪ್ ಮಾಡಬಹುದು, ಬೆಳಕು ನೆರಳನ್ನು ಹದ ಮಾಡಬಹುದು, ಕಪ್ಪುಬಿಳುಪಿಗೆ ತಿರುಗಿಸಬಹುದು. ಕ್ರಾಪ್ ಮಾಡಿದೆ. ಹಗ್ಗ ಹೋಯಿತು, ಅದರ ಜೊತೆ ಹಕ್ಕಿಯ ಮುಂದಿದ್ದ ಖಾಲಿ ಜಾಗವೂ ಹೋಯಿತು. ಸಾಫ್ಟ್‌ವೇರ್‌ನಲ್ಲಿ ಒಂದು ನಿಮಿಷದ ಕೆಲಸ ಅದು, ಅಳಿಸಿದ್ದರೆ ಚಿತ್ರ ಹಾಗೇ ಉಳಿಯುತ್ತಿತ್ತು. ಆದರೂ ಈ ನಿಯಮದ ಪರವಾಗಿಯೇ ನಾನು ವಾದ ಮಾಡುತ್ತೇನೆ. ಆಮೇಲೆ ಅಳಿಸುವಂತಿಲ್ಲ ಎಂದು ಗೊತ್ತಿರುವವನ ಕಣ್ಣು, ಕ್ಲಿಕ್ ಮಾಡುವ ಮುಂಚೆಯೇ ಫ್ರೇಮಿನ ನಾಲ್ಕು ಅಂಚನ್ನೂ ಸುತ್ತಿ ಬರುತ್ತದೆ. ನನಗೆ ಆ ಅಭ್ಯಾಸ ಬಂದದ್ದು ಹೀಗೆ.

ಗೂಡಿನ ಚಿತ್ರಗಳ ಬಗೆಗೂ ಅಷ್ಟೇ. ಗೂಡಿನ ಮೇಲೆ ಕೂತ ಹಕ್ಕಿಯ ಫೋಟೊ ಸ್ವೀಕರಿಸುವುದಿಲ್ಲ ಎಂದು ನಮ್ಮ ದೇಶದ ಹಲವು ಸ್ಪರ್ಧೆಗಳು ಬರೆಯುತ್ತವೆ. ಫೋಟೊಗ್ರಾಫರ್ ಹತ್ತಿರ ಹೋದಷ್ಟೂ ಹೊತ್ತು ತಾಯಿ ಮೊಟ್ಟೆ ಬಿಟ್ಟು ಮೇಲೇಳುತ್ತದೆ. ಬಿರುಬಿಸಿಲಿನಲ್ಲಿ, ಮರಳಿನ ಮೇಲೆ ಬಿಟ್ಟ ಮೊಟ್ಟೆ ಬಹಳ ಹೊತ್ತು ತಡೆಯುವುದಿಲ್ಲ. ಬಹುಮಾನವೇ ಸಿಗುವುದಿಲ್ಲ ಎಂದಾದರೆ ಅಲ್ಲಿಗೆ ಹೋಗುವವರೂ ಕಡಿಮೆಯಾಗುತ್ತಾರೆ. ಒಳ್ಳೆಯ ಸ್ಪರ್ಧೆ ಕಾಡಿನಲ್ಲಿ ನಮ್ಮ ನಡತೆಯನ್ನೂ ತಿದ್ದಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಸಲಾನ್‌ಗಳಲ್ಲಿ ನನಗೆ ಹಿಡಿಸದ್ದೂ ಇದೆ. ಅಂಕ ಬರುತ್ತದೆ, ಯಾಕೆ ಅಷ್ಟೇ ಬಂತು ಎಂಬುದು ಬರುವುದಿಲ್ಲ. ತೀರ್ಪುಗಾರರ ಪರದೆಯ ಮೇಲೆ ಒಂದು ಚಿತ್ರ ಇರುವುದು ಕೆಲವೇ ಸೆಕೆಂಡ್. ಅಷ್ಟರಲ್ಲಿ ಹೊಡೆದೆಬ್ಬಿಸುವ ಚಿತ್ರ ಗೆಲ್ಲುತ್ತದೆ, ನಿಂತು ನೋಡಬೇಕಾದದ್ದು ಸೋಲುತ್ತದೆ. ಕ್ಯಾಮೆರಾ ನಿಲ್ಲಿಸಿ ತೆಗೆದ ಉದ್ದುದ್ದ ಚಿತ್ರಗಳಿಗೆ ಇನ್ನೂ ಕಷ್ಟ. ಅಳತೆ 1920ಕ್ಕೆ 1080 ಪಿಕ್ಸೆಲ್ ಎಂದಿದ್ದರೆ ಅಡ್ಡ ಚಿತ್ರ ಪರದೆ ತುಂಬ ಹರಡಿಕೊಳ್ಳುತ್ತದೆ, ನಿಂತ ಚಿತ್ರ 1080ರ ಎತ್ತರದೊಳಗೆ ಕುಗ್ಗಿ ಮಧ್ಯದಲ್ಲಿ ಒಂದು ಪಟ್ಟಿಯಾಗುತ್ತದೆ. ಆಮೇಲೆ ಬಿರುದಿನ ಓಟ ಇದೆ. ಫಿಯಾಪ್‌ನ ಮೊದಲ ಮೆಟ್ಟಿಲಾದ 'ಎಎಫ್‌ಐಎಪಿ' ಹೆಸರಿನ ಮುಂದೆ ಬರಬೇಕಾದರೆ ಕನಿಷ್ಠ 8 ದೇಶಗಳ ಸಲಾನ್‌ಗಳಲ್ಲಿ 40 ಅಕ್ಸೆಪ್ಟೆನ್ಸ್, ಅಂದರೆ ಚಿತ್ರ ಆಯ್ಕೆಯಾದ ಲೆಕ್ಕ, ಬೇಕು. ಅದರ ಬೆನ್ನು ಹತ್ತಿದ ಗೆಳೆಯರು ಅವೇ ಚಿತ್ರಗಳನ್ನು ದೇಶದಿಂದ ದೇಶಕ್ಕೆ ಕಳಿಸುತ್ತಾ, ಹೊಸದು ತೆಗೆಯುವುದನ್ನೇ ಮರೆತದ್ದನ್ನು ನೋಡಿದ್ದೇನೆ. ಹೊಸಬರಿಗೆ ನಾನು ಹೇಳುವುದು: ಒಂದೆರಡು ವರ್ಷ ಸಲಾನ್‌ಗೆ ಕಳಿಸಿ, ಆಯ್ಕೆ ಮಾಡುವುದನ್ನು ಕಲಿಯಿರಿ. ಲೆಕ್ಕ ತುಂಬಿಸುವುದೇ ಕೆಲಸವಾಯಿತು ಅನ್ನಿಸಿದ ದಿನ ನಿಲ್ಲಿಸಿ.

ಲೈಕ್ ಎಣಿಸಿ ಬಹುಮಾನ ಕೊಡುವ ಸ್ಪರ್ಧೆಗಳಿಗೆ ನಾನು ಕಳಿಸುವುದೇ ಇಲ್ಲ. ಅಲ್ಲಿ ಗೆಲ್ಲುವುದು ದೊಡ್ಡ ಬಳಗ ಇರುವವರು.

ಪ್ರವೇಶ ಶುಲ್ಕದ ವಿದೇಶಿ 'ಅವಾರ್ಡ್'ಗಳ ವಿಷಯದಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಶುಲ್ಕ ಇದೆ ಎಂದ ಮಾತ್ರಕ್ಕೆ ಮೋಸ ಎಂದಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ 'ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್' 1965ರಲ್ಲಿ ಶುರುವಾದದ್ದು, ದೊಡ್ಡವರಿಗೆ ಶುಲ್ಕ ಇದೆ, ಮಕ್ಕಳಿಗೆ ಇಲ್ಲ. 2024ರಲ್ಲಿ ಅಲ್ಲಿಗೆ ಬಂದ ಚಿತ್ರಗಳು 59 ಸಾವಿರ ದಾಟಿದ್ದವು, ಪ್ರದರ್ಶನಕ್ಕೆ ಆಯ್ದದ್ದು 100. ಅಷ್ಟು ಕಷ್ಟವಾದ್ದರಿಂದಲೇ ಅದಕ್ಕೆ ಬೆಲೆ. ಗೆದ್ದವರನ್ನೂ ಅವರು ಬಿಟ್ಟಿಲ್ಲ. 2009ರಲ್ಲಿ ಗೆದ್ದ ಗೇಟು ಹಾರುವ ತೋಳ ಪಳಗಿಸಿದ್ದು ಎಂಬ ಕಾರಣಕ್ಕೆ ಪ್ರಶಸ್ತಿ ವಾಪಸಾಯಿತು. 2017ರಲ್ಲಿ ಒಂದು ವಿಭಾಗದಲ್ಲಿ ಗೆದ್ದ ಚಿತ್ರದ ಇರುವೆಭಕ್ಷಕ ಸ್ಟಫ್ ಮಾಡಿಟ್ಟ ಪ್ರಾಣಿ ಎಂದು ಪರಿಣತರು ಹೇಳಿದಾಗ ಅದನ್ನೂ ತೆಗೆದುಹಾಕಿದರು.

ಇನ್ನೊಂದು ಬಗೆಯದು ಬೇರೆ. ಒಂದೊಂದು ಚಿತ್ರಕ್ಕೂ ಡಾಲರ್ ಲೆಕ್ಕದಲ್ಲಿ ಶುಲ್ಕ. ಕೊನೆಯ ದಿನಾಂಕ ಮೂರು ಸಲ ಮುಂದೆ ಹೋಗುತ್ತದೆ. ತೀರ್ಪುಗಾರರ ಹೆಸರಿರುವುದಿಲ್ಲ. ಎಷ್ಟು ಚಿತ್ರ ಬಂದವು ಎಂದೂ ಹೇಳುವುದಿಲ್ಲ. ಆಮೇಲೆ 'ನಿಮಗೆ ಹಾನರಬಲ್ ಮೆನ್ಷನ್ ಬಂದಿದೆ' ಎಂಬ ಮೇಲ್, ಅದರ ಕೆಳಗೇ ಸರ್ಟಿಫಿಕೇಟ್‌ಗೆ ಇಷ್ಟು, ಪುಸ್ತಕದಲ್ಲಿ ಹಾಕಲು ಇಷ್ಟು ಎಂಬ ದರಪಟ್ಟಿ. ನನಗೂ ಅಂಥದ್ದೊಂದು ಬಂದಿತ್ತು. ಅದೇ ವಾರ ನಮ್ಮ ಗುಂಪಿನ ಇನ್ನೂ ನಾಲ್ಕೈದು ಮಂದಿಗೆ ಅದೇ ಮೇಲ್ ಬಂದಿತ್ತು. ಆ ದುಡ್ಡಿಗೆ ನಮ್ಮೂರ ಲ್ಯಾಬಿನಲ್ಲಿ ಗೋಡೆಗೆ ಹಾಕುವಂಥ ಒಂದು ಒಳ್ಳೆಯ ಪ್ರಿಂಟ್ ಬರುತ್ತದೆ.

ಈಚಿನ ಹೊಸ ತಲೆನೋವು ಎಐ ಚಿತ್ರಗಳದ್ದು. 2023ರಲ್ಲಿ ಬೋರಿಸ್ ಎಲ್ಡಾಗ್‌ಸೆನ್ ಎಂಬ ಜರ್ಮನ್ ಕಲಾವಿದ ಸೋನಿ ವರ್ಲ್ಡ್ ಫೋಟೊಗ್ರಫಿ ಅವಾರ್ಡ್ಸ್‌ನ ಒಂದು ವಿಭಾಗದಲ್ಲಿ ಗೆದ್ದು, ಅದು ಎಐನಿಂದ ಮಾಡಿದ ಚಿತ್ರ ಎಂದು ತಾನೇ ಹೇಳಿ ಪ್ರಶಸ್ತಿ ಬೇಡವೆಂದರು. ಕೊನೆಯ ಸುತ್ತಿಗೆ ಬಂದವರಿಂದ ರಾ ಫೈಲ್, ಅಂದರೆ ಕ್ಯಾಮೆರಾ ದಾಖಲಿಸಿದ ಮೂಲ ಫೈಲ್, ಕೇಳುವ ಸ್ಪರ್ಧೆಯ ಮೇಲೆ ನನಗೆ ಹೆಚ್ಚು ನಂಬಿಕೆ. ಹಾಗಾಗಿ ಕಳಿಸಿದ ಚಿತ್ರದ ರಾ ಫೈಲನ್ನು, ಅದರ ಹಿಂದುಮುಂದಿನ ಎರಡು ಮೂರು ಫ್ರೇಮುಗಳ ಜೊತೆ, ಬೇರೆ ಫೋಲ್ಡರಿನಲ್ಲಿ ಇಡುತ್ತೇನೆ.

ಇನ್ನು ಎರಡನೇ ಪ್ರಶ್ನೆ, ಚಿತ್ರ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದು. ಸ್ಪರ್ಧೆಯ ಪುಟದಲ್ಲಿ ಬಹುಮಾನ ದಪ್ಪಕ್ಷರದಲ್ಲಿರುತ್ತದೆ, ಇದು ಎಲ್ಲಕ್ಕಿಂತ ಕೆಳಗಿರುತ್ತದೆ. ನಮ್ಮ ಕಾನೂನು ನಮ್ಮ ಕಡೆಗೇ ಇದೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ನಮ್ಮ ಖುಷಿಗೆ ನಾವು ತೆಗೆದ ಫೋಟೊದ ಮೊದಲ ಒಡೆಯರು ನಾವೇ. ಹಕ್ಕನ್ನು ಬಿಟ್ಟುಕೊಡುವ ಬರವಣಿಗೆಯಲ್ಲಿ ಅವಧಿ ಹೇಳದಿದ್ದರೆ ಅದು 5 ವರ್ಷಕ್ಕೆ ಎಂದು 19ನೇ ಸೆಕ್ಷನ್ ಹೇಳುತ್ತದೆ, ಜಾಗ ಹೇಳದಿದ್ದರೆ ಭಾರತದೊಳಗೆ ಮಾತ್ರ. ಚಿತ್ರಕ್ಕೆ ನಮ್ಮ ಹೆಸರು ಕೇಳುವ ಹಕ್ಕು 57ನೇ ಸೆಕ್ಷನ್‌ನಲ್ಲಿದೆ. 'ಕಳಿಸಿದ ಎಲ್ಲ ಚಿತ್ರಗಳನ್ನು ಆಯೋಜಕರು ಶಾಶ್ವತವಾಗಿ, ಜಗತ್ತಿನ ಎಲ್ಲೆಡೆ, ಯಾವುದೇ ಮಾಧ್ಯಮದಲ್ಲಿ, ಸಂಭಾವನೆ ಇಲ್ಲದೆ ಬಳಸಬಹುದು' ಎಂದು ಬರೆದಿದ್ದರೆ ಅಲ್ಲಿ ಅವಧಿಯನ್ನೂ ಜಾಗವನ್ನೂ ಬೇಕೆಂದೇ ಹೇಳಿದ್ದಾರೆ ಎಂದರ್ಥ. ಗಮನಿಸಬೇಕಾದ ಮಾತು 'ಎಲ್ಲ'. ಗೆದ್ದ ಹತ್ತು ಚಿತ್ರ ಬಳಸಿಕೊಂಡರೆ ನನ್ನ ಆಕ್ಷೇಪ ಇಲ್ಲ. ಸೋತ ಸಾವಿರಾರು ಚಿತ್ರಗಳೂ ಅವರದ್ದಾದರೆ, ಒಂದು ಮೊಬೈಲ್ ಫೋನಿನ ಬಹುಮಾನಕ್ಕೆ ಇಡೀ ವರ್ಷದ ಕ್ಯಾಲೆಂಡರು, ಬ್ರೋಷರುಗಳಿಗೆ ಚಿತ್ರ ಸಿಕ್ಕಂತಾಯಿತು.

ಹಾಗಿದ್ದರೆ ಪೂರ್ತಿ ಬಿಟ್ಟುಕೊಡುವ ಸ್ಪರ್ಧೆಗೆ ನಾನು ಕಳಿಸುವುದೇ ಇಲ್ಲವೇ? ಒಂದಕ್ಕೆ ಮನಸಾರೆ ಕಳಿಸುತ್ತೇನೆ. ವಿಕಿಪೀಡಿಯ ಬಳಗದವರು ನಡೆಸುವ ಸ್ಮಾರಕಗಳ ಫೋಟೊ ಸ್ಪರ್ಧೆ 'ವಿಕಿ ಲವ್ಸ್ ಮಾನ್ಯುಮೆಂಟ್ಸ್' 2010ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾಗಿ 2012ರಲ್ಲಿ ಭಾರತಕ್ಕೂ ಬಂತು. ಶುಲ್ಕ ಇಲ್ಲ. ಯಾವತ್ತೋ ತೆಗೆದ ಚಿತ್ರವಾದರೂ ಸರಿ, ಸ್ಪರ್ಧೆಯ ಅವಧಿಯಲ್ಲಿ ಅಪ್‌ಲೋಡ್ ಮಾಡಬೇಕು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಕೊಟ್ಟ ಮೇಲೆ ಅದನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು. ಹೆಸರು ಹಾಕಬೇಕು. ಹಿಂದಕ್ಕೆ ಪಡೆಯುವಂತಿಲ್ಲ. ಷರತ್ತು ಮೇಲಿನದಕ್ಕಿಂತ ದೊಡ್ಡದು, ಆದರೆ ಇಲ್ಲಿ ಚಿತ್ರ ಒಬ್ಬರ ಗೋದಾಮಿಗೆ ಹೋಗುವುದಿಲ್ಲ, ಎಲ್ಲರಿಗೂ ಸಿಗುತ್ತದೆ.

ಇದಕ್ಕಾಗಿ ನಾನು ಹಂಪಿ, ಬೇಲೂರು ಬಿಟ್ಟು ಮಂಡ್ಯದ ಕಡೆಯ ಬಸರಾಳಿಗೆ ಹೋಗುತ್ತೇನೆ. ಅಲ್ಲಿನ ಮಲ್ಲಿಕಾರ್ಜುನ ದೇವಾಲಯ 1234ರ ಹೊಯ್ಸಳ ಕಟ್ಟಡ. ಬಸ್ಸುಗಟ್ಟಲೆ ಪ್ರವಾಸಿಗರು ಬರುವ ಜಾಗವಲ್ಲ. ಗೋಡೆಯಲ್ಲಿ ಕೈಲಾಸ ಎತ್ತುವ ರಾವಣ ಇದ್ದಾನೆ. ಮತ್ಸ್ಯಯಂತ್ರ ಹೊಡೆದ ಅರ್ಜುನನ ಕಡೆಗೆ ಮಾಲೆ ಹಿಡಿದು ಧಾವಿಸುವ ದ್ರೌಪದಿ ಇದ್ದಾಳೆ. ಬಳಪದ ಕಲ್ಲಿನ ಉಬ್ಬುಶಿಲ್ಪಕ್ಕೆ ಎದುರು ಬಿಸಿಲು ಬಿದ್ದರೆ ಎಲ್ಲ ಚಪ್ಪಟೆ, ಮುಖ ಯಾವುದು ಮುಕುಟ ಯಾವುದು ತಿಳಿಯದು. ಬಿಸಿಲು ಗೋಡೆಗೆ ಓರೆಯಾಗಿ ಜಾರುವ ಸ್ವಲ್ಪ ಹೊತ್ತು ಮಾತ್ರ ಮಾಲೆಯ ಒಂದೊಂದು ಹೂವೂ ಎದ್ದು ಬರುತ್ತದೆ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಹೂಡುವಂತಿಲ್ಲ. ಹಾಗಾಗಿ ಮೊಣಕೈಯನ್ನು ಪಕ್ಕೆಗೆ ಒತ್ತಿ, ಉಸಿರು ಬಿಗಿಹಿಡಿದು, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯಾದ ಐಎಸ್‌ಒ ಏರಿಸಿಕೊಂಡೇ ತೆಗೆಯಬೇಕು. ಅಂಥ ಚಿತ್ರ ನಾಳೆ ಒಬ್ಬ ವಿದ್ಯಾರ್ಥಿಯ ಪ್ರಬಂಧಕ್ಕೆ ಸಿಕ್ಕರೆ ಸಾಕು ಎಂದು ನನಗೆ ನಿಜವಾಗಿಯೂ ಅನ್ನಿಸುತ್ತದೆ.

ಕಳಿಸದವರ ಮಾತನ್ನೂ ಹೇಳಲೇಬೇಕು, ಅವರ ಕಾರಣಗಳು ಸೋಮಾರಿತನದ್ದಲ್ಲ. ನಮ್ಮ ಗುಂಪಿನ ಎಲೆಕ್ಟ್ರಿಷಿಯನ್ ನನಗಿಂತ ಹಿರಿಯರು, ಅಣ್ಣ ಅಂತಲೇ ಕರೆಯುತ್ತೇನೆ. ಟಿ. ನರಸೀಪುರದ ಕಡೆಯ ಸಂತೆ, ಜಾತ್ರೆಗಳಲ್ಲಿ ಅವರು ತೆಗೆಯುವ ಮುಖಗಳು ನಮ್ಮೆಲ್ಲರ ಚಿತ್ರಗಳಿಗಿಂತ ಮೇಲು. ವೀಳ್ಯದೆಲೆ ಮಾರುವ ಒಬ್ಬ ಅಜ್ಜಿಯ ಚಿತ್ರವಿದೆ. ಎಲೆಗೆ ನೀರು ಚಿಮುಕಿಸುತ್ತಾ ಬಾಯ್ತುಂಬ ನಗುತ್ತಿದ್ದಾರೆ. ಕಳಿಸಿ ಅಂತ ನಾನು ಬಹಳ ಒತ್ತಾಯ ಮಾಡಿದೆ. "ಆವಮ್ಮ ನಗಾಡಿದ್ದು ನನ್ನ ನೋಡಿ ಕಣಪ್ಪ. ನಾಳೆ ಅದ್ಯಾವುದೋ ಸೋಪಿನ ಜಾಹೀರಾತಲ್ಲಿ ಬಂದ್ರೆ ನಾನು ಸಂತೆಗೆ ಹೆಂಗೆ ಹೋಗ್ಲಿ?" ಅಂದರು. ಅವರು ಮಾಡುವುದಿಷ್ಟೇ, ಮುಂದಿನ ಸಂತೆಗೆ ಪ್ರಿಂಟ್ ಹಾಕಿಸಿಕೊಂಡು ಹೋಗಿ ಅವರವರ ಕೈಗೇ ಕೊಡುತ್ತಾರೆ. ಫಾರಂನಲ್ಲಿ 'ಚಿತ್ರದಲ್ಲಿರುವವರ ಒಪ್ಪಿಗೆ ಇದೆ' ಎಂಬ ಚೌಕಕ್ಕೆ ನಾವು ಎಷ್ಟು ಸಲೀಸಾಗಿ ಟಿಕ್ ಹಾಕುತ್ತೇವೆ! ಅವರ ಆ ಮಾತಿನ ನಂತರ, ಮುಖ ಗುರುತು ಸಿಗುವ ಚಿತ್ರವನ್ನು ಆಯಾ ವ್ಯಕ್ತಿಗೆ ತೋರಿಸಿ, ಎಲ್ಲಿಗೆ ಕಳಿಸುತ್ತಿದ್ದೇನೆ ಎಂದು ಹೇಳದೆ ನಾನು ಎಲ್ಲಿಗೂ ಕಳಿಸಿಲ್ಲ.

ಷರತ್ತು ಸರಿಯಿಲ್ಲ ಎಂದು ಸುಮ್ಮನಿರುವುದಕ್ಕಿಂತ ಕೇಳಿ ನೋಡುವುದು ಮೇಲು ಎಂಬುದು ಎರಡು ವರ್ಷದ ಹಿಂದೆ ಗೊತ್ತಾಯಿತು. ಜಿಲ್ಲಾ ಮಟ್ಟದ ಒಂದು ಸ್ಪರ್ಧೆಯವರು 'ಬಂದ ಎಲ್ಲ ಚಿತ್ರಗಳು ನಮ್ಮ ಸ್ವತ್ತು' ಎಂದು ಬರೆದಿದ್ದರು. ಗುಂಪಿನ ಕೆಲವರು ಸೇರಿ, ಕಳಿಸುವ ಆಸೆ ಇದೆ, ಈ ಸಾಲೊಂದನ್ನು ತಿದ್ದಿದರೆ ಕಳಿಸುತ್ತೇವೆ ಎಂದು ಮರ್ಯಾದೆಯಿಂದ ಒಂದು ಮೇಲ್ ಹಾಕಿದೆವು. ಬದಲಿಗೆ ಏನು ಬರೆಯಬಹುದು ಎಂದೂ ಕೊಟ್ಟೆವು. ಬೇರೆ ಕಡೆಯಿಂದ ಎತ್ತಿಕೊಂಡ ನಿಯಮಾವಳಿ ಅದು, ತಾವೂ ಸರಿಯಾಗಿ ಓದಿರಲಿಲ್ಲ ಎಂದು ಅವರು ಉತ್ತರಿಸಿದರು. ವಾರದೊಳಗೆ ತಿದ್ದಿದರು. ಆ ಸಾಲು ಇದು, ಬೇಕಾದವರು ಹಾಗೇ ಎತ್ತಿಕೊಂಡು ನಿಮ್ಮೂರ ಆಯೋಜಕರಿಗೂ ಕಳಿಸಬಹುದು:

'ಬಹುಮಾನ ಪಡೆದ ಹಾಗೂ ಪ್ರದರ್ಶನಕ್ಕೆ ಆಯ್ಕೆಯಾದ ಚಿತ್ರಗಳನ್ನು ಮಾತ್ರ, ಈ ಸ್ಪರ್ಧೆಯ ಪ್ರದರ್ಶನ ಮತ್ತು ಪ್ರಚಾರಕ್ಕೆ ಮಾತ್ರ, ಛಾಯಾಗ್ರಾಹಕರ ಹೆಸರಿನೊಂದಿಗೆ ಎರಡು ವರ್ಷಗಳವರೆಗೆ ಬಳಸಲಾಗುವುದು. ಉಳಿದ ಚಿತ್ರಗಳನ್ನು ಫಲಿತಾಂಶದ ನಂತರ ಅಳಿಸಲಾಗುವುದು. ಹಕ್ಕುಸ್ವಾಮ್ಯ ಛಾಯಾಗ್ರಾಹಕರಲ್ಲೇ ಇರುತ್ತದೆ.'