ಡೀಸೆಲ್ ಕಾರು ನಿಮ್ಮ ಮನೆಗೆ ಹೊಂದುತ್ತದೆಯೇ? ಮೊದಲು ಓಡಾಟ ಅಳೆಯಿರಿ

‘ಎವರೇಜ್ ಎಷ್ಟು ಕೊಡುತ್ತದೆ’ ಎಂಬ ಒಂದೇ ಪ್ರಶ್ನೆ ಕೇಳಿ ಡೀಸೆಲ್ ಕಾರು ಕೊಳ್ಳುವ ಕಾಲ 2020ರ ಏಪ್ರಿಲ್‌ಗೆ ಮುಗಿಯಿತು. ಆ ತಿಂಗಳು ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂತು. ಹೊಗೆ ಕೊಳವೆಯೊಳಗೆ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಇಲ್ಲದೆ ಹೊಸ ಡೀಸೆಲ್ ಕಾರು ಮಾರುವಂತಿಲ್ಲ ಎನ್ನುವಂತಾಯಿತು. ಮಾರುತಿ ಕಂಪನಿ ಡೀಸೆಲ್ ಕೈಬಿಟ್ಟದ್ದೂ ಆಗಲೇ. ಈ ಫಿಲ್ಟರ್ ಕೆಡದೆ ಉಳಿಯುವುದು ನೀವು ತಿಂಗಳಿಗೆ ಎಷ್ಟು ಓಡಿಸುತ್ತೀರಿ ಎಂಬುದಕ್ಕಿಂತ, ಒಮ್ಮೆ ಚಾಲೂ ಮಾಡಿದ ಎಂಜಿನ್ ಎಷ್ಟು ಹೊತ್ತು ಬಿಸಿಯಾಗಿ ಓಡಿತು ಎಂಬುದರ ಮೇಲೆ.

ಮೊದಲ ಹೆಜ್ಜೆ: ಒಂದು ತಿಂಗಳ ಚೀಟಿ

ಈಗಿರುವ ಕಾರಿನಲ್ಲೇ ಸಣ್ಣ ನೋಟ್‌ಬುಕ್ ಇಡಿ. ಪ್ರತಿ ಸಲ ಎಂಜಿನ್ ಚಾಲೂ ಮಾಡಿ ಬಂದ್ ಮಾಡುವವರೆಗಿನ ಕಿಲೋಮೀಟರ್ ಮತ್ತು ನಿಮಿಷ ಬರೆಯಿರಿ. ಕಾರು ಯಾರ ಕೈಯಲ್ಲಿದ್ದರೂ ಅವರೇ ಬರೆಯಬೇಕು. ಮದುವೆ ಸೀಸನ್ನಿನ ತಿಂಗಳು ಬೇಡ. ಆ ತಿಂಗಳ ಲೆಕ್ಕ ಯಾವಾಗಲೂ ಉಬ್ಬಿರುತ್ತದೆ.

ಎರಡನೇ ಹೆಜ್ಜೆ: ಮೂರು ಗುಂಪು ಮಾಡಿ

20 ನಿಮಿಷದೊಳಗಿನ ಓಡಾಟ ಒಂದು ಗುಂಪು. ಹುಬ್ಬಳ್ಳಿಯ ವಿದ್ಯಾನಗರದಿಂದ ಮಕ್ಕಳ ಶಾಲೆ, ಕೇಶ್ವಾಪುರದಿಂದ ದುರ್ಗದ ಬೈಲಿನ ಸಂತೆ, ಧಾರವಾಡದ ಸಪ್ತಾಪುರದಿಂದ ಸುಭಾಷ್ ರೋಡ್ ಎಲ್ಲವೂ ಇದರಲ್ಲೇ ಬರುತ್ತವೆ. ಹುಬ್ಬಳ್ಳಿಯಿಂದ ಗದಗ (ಸುಮಾರು 58 ಕಿ.ಮೀ.), ಹಾವೇರಿ (75), ಬೆಳಗಾವಿ (95) ಕಡೆಗಿನ ಹೆದ್ದಾರಿ ಪಯಣ ಇನ್ನೊಂದು. ಹುಬ್ಬಳ್ಳಿ–ಧಾರವಾಡದ ದಿನನಿತ್ಯದ ಓಡಾಟಕ್ಕೆ ಮಾತ್ರ ಬೇರೆಯೇ ಗುಂಪು ಬೇಕು. ದೂರ 20 ಕಿ.ಮೀ. ಆಸುಪಾಸು ಇದ್ದರೂ ಉಣಕಲ್, ನವನಗರದ ಸಿಗ್ನಲ್‌ಗಳಲ್ಲಿ ನಿಂತು ನಿಂತು ಸಾಗುವ ದಾರಿ ಅದು. ಎಂಜಿನ್ ಬಿಸಿಯಾಗುತ್ತದೆ, ವೇಗ ಹಿಡಿಯುವುದಿಲ್ಲ.

ಈಗ ಎರಡು ಮನೆ ಊಹಿಸಿಕೊಳ್ಳಿ. ಎರಡರದ್ದೂ ತಿಂಗಳಿಗೆ 1,000 ಕಿ.ಮೀ. ಒಂದು ಮನೆಯವರು ಗದಗಿನಿಂದ ಹುಬ್ಬಳ್ಳಿಗೆ ವಾರಕ್ಕೆ ಎರಡು ಸಲ ಹೋಗಿ ಬರುತ್ತಾರೆ. ಅವರಿಗೆ ಡೀಸೆಲ್ ಹೇಳಿ ಮಾಡಿಸಿದ್ದು. ಇನ್ನೊಂದು ಮನೆಯವರು ಊರೊಳಗೇ ನಾಲ್ಕು ನಾಲ್ಕು ಕಿಲೋಮೀಟರ್ ಸುತ್ತಿ ಅಷ್ಟೇ ಓಡಿಸುತ್ತಾರೆ. ಅವರಿಗೆ ಡೀಸೆಲ್ ಬೇಡವೇ ಬೇಡ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡುವುದು ನಿಮ್ಮ ಚೀಟಿಯಲ್ಲಿ ಕಾಣದಿದ್ದರೆ ಮುಂದಿನ ಲೆಕ್ಕ ಹಾಕುವ ಅಗತ್ಯವೂ ಇಲ್ಲ.

ಮೂರನೇ ಹೆಜ್ಜೆ: ದುಡ್ಡಿನ ಲೆಕ್ಕ

ಪೆಟ್ರೋಲ್ 103, ಡೀಸೆಲ್ 91 ರೂಪಾಯಿ ಎಂದಿಟ್ಟುಕೊಳ್ಳೋಣ. ನೀವು ಕೂತ ದಿನದ ದರ ಹಾಕಿಕೊಳ್ಳಿ. ಒಂದೇ ಅಳತೆಯ ಎರಡು ಕಾರುಗಳಲ್ಲಿ ಪೆಟ್ರೋಲಿನದು ಲೀಟರಿಗೆ 14 ಕಿ.ಮೀ., ಡೀಸೆಲಿನದು 18 ಕೊಟ್ಟರೆ ಕಿ.ಮೀ.ಗೆ 7.36 ಮತ್ತು 5.06 ರೂಪಾಯಿ. ಉಳಿತಾಯ 2.30.

ಇದನ್ನು ಎಲ್ಲರೂ ಮಾಡುತ್ತಾರೆ. ಬಿಟ್ಟುಹೋಗುವುದು ರಸ್ತೆ ತೆರಿಗೆ. ಕರ್ನಾಟಕದಲ್ಲಿ ಕಾರಿನ ಜೀವಿತಾವಧಿ ತೆರಿಗೆ 5ರಿಂದ 10 ಲಕ್ಷದವರೆಗೆ ಶೇ 14. 10 ಲಕ್ಷ ದಾಟಿದರೆ 20 ಲಕ್ಷದವರೆಗೆ ಶೇ 17, ಅದೂ ಪೂರ್ತಿ ಬೆಲೆಯ ಮೇಲೆ. ಪೆಟ್ರೋಲ್ ಮಾಡೆಲ್ 9.5 ಲಕ್ಷ, ಡೀಸೆಲ್ 10.9 ಲಕ್ಷ ಇದ್ದರೆ ತೆರಿಗೆ ಕ್ರಮವಾಗಿ 1,33,000 ಮತ್ತು 1,85,300. ಬೆಲೆಯಲ್ಲಿ 1.4 ಲಕ್ಷದ ವ್ಯತ್ಯಾಸ, ತೆರಿಗೆಯಲ್ಲಿ 52,300, ಮೇಲೆ ಸೆಸ್ ಮತ್ತು ವಿಮೆ: ಹೆಚ್ಚುವರಿ ಹೊರೆ ಎರಡು ಲಕ್ಷದ ಹತ್ತಿರ ಬಂತು. ಅದನ್ನು 2.30ರಿಂದ ಭಾಗಿಸಿದರೆ ಸುಮಾರು 87,000 ಕಿ.ಮೀ. ತಿಂಗಳಿಗೆ 500 ಓಡಿಸುವವರಿಗೆ ಅಸಲು ಬರಲು ಹದಿನಾಲ್ಕು ವರ್ಷ ದಾಟುತ್ತದೆ, 1,000 ಓಡಿಸುವವರಿಗೆ ಏಳು ವರ್ಷ, 2,000 ಓಡಿಸುವವರಿಗೆ ಮೂರೂವರೆ ಚಿಲ್ಲರೆ. ಸಾಲದ ಬಡ್ಡಿ ಇನ್ನೂ ಸೇರಿಸಿಲ್ಲ. ಎರಡೂ ಮಾಡೆಲ್ 10 ಲಕ್ಷದ ಮೇಲೇ ಇದ್ದರೆ ತೆರಿಗೆಯ ಅಂತರ ಅರ್ಧಕ್ಕೂ ಕಡಿಮೆಯಾಗುತ್ತದೆ.

ಹತ್ತು ವರ್ಷಕ್ಕೆ ಡೀಸೆಲ್ ಕಾರು ಗುಜರಿಗೆ ಹೋಗುತ್ತದೆ ಎಂಬ ಹೆದರಿಕೆ ಇಲ್ಲಿ ಬೇಡ. ಅದು ದೆಹಲಿ ಸುತ್ತಲಿನ ಮಾತು. ನಮ್ಮಲ್ಲಿ ಆರ್‌ಸಿ 15 ವರ್ಷಕ್ಕೆ ಇರುತ್ತದೆ, ಆಮೇಲೆ ನವೀಕರಣಕ್ಕೂ ಅವಕಾಶವಿದೆ.

ನಾಲ್ಕನೇ ಹೆಜ್ಜೆ: ಫಿಲ್ಟರ್ ಸಾಕುವ ತಯಾರಿ ಇದೆಯೇ?

ಹಿಡಿದ ಮಸಿಯನ್ನು ಡಿಪಿಎಫ್ ಆಗಾಗ ಸುಡಬೇಕು. ಹೆದ್ದಾರಿಯಲ್ಲಿ ಹೊಗೆಯ ಬಿಸಿ 350 ಡಿಗ್ರಿ ದಾಟಿದಾಗ ಅಷ್ಟಿಷ್ಟು ತಾನೇ ಸುಡುತ್ತದೆ. ಅದು ಸಾಲದಿದ್ದರೆ ಎಂಜಿನ್ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಫಿಲ್ಟರನ್ನು 600 ಡಿಗ್ರಿಯ ಹತ್ತಿರ ಒಯ್ಯುತ್ತದೆ. ಆಗ ನಿಂತ ಗಾಡಿಯ ಎಂಜಿನ್ ಸುತ್ತುವ ವೇಗ, ಅಂದರೆ ಆರ್‌ಪಿಎಂ ಸ್ವಲ್ಪ ಏರಿರುತ್ತದೆ, ಎವರೇಜ್ ಮೀಟರ್ ಕುಸಿಯುತ್ತದೆ, ಕೀಲಿ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ಗುಂಯ್ ಎನ್ನುತ್ತಿರುತ್ತದೆ. ಮನೆ ಬಂತೆಂದು ಎಂಜಿನ್ ಬಂದ್ ಮಾಡಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹೀಗೆ ಪದೇ ಪದೇ ನಿಂತರೆ ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಗುಂಟ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ, ಆಯಿಲ್ ತೆಳ್ಳಗಾಗುತ್ತದೆ.

ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ ದೀಪ ಹೊತ್ತಿದರೆ ಗ್ಯಾರೇಜಿಗೆ ಓಡುವುದು ಬೇಡ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇದೆಯೇ ನೋಡಿ; ರಿಸರ್ವ್‌ನಲ್ಲಿದ್ದರೆ ಅನೇಕ ಕಾರುಗಳು ಸುಡುವ ಕೆಲಸ ಶುರು ಮಾಡುವುದೇ ಇಲ್ಲ. ಹುಬ್ಬಳ್ಳಿಯ ಗಬ್ಬೂರು ಕ್ರಾಸಿನಿಂದ ನರೇಂದ್ರ ಕ್ರಾಸಿನ ಕಡೆಗೆ ಬೈಪಾಸ್ ಹಿಡಿದು, ನಾಲ್ಕನೇ ಗೇರಿನಲ್ಲಿ 2,000 ಆರ್‌ಪಿಎಂಗಿಂತ ಮೇಲೆ, 60ರಿಂದ 80ರ ವೇಗದಲ್ಲಿ 20 ನಿಮಿಷ ಬಿಡದೆ ಓಡಿಸಿ. ಕಾಮಗಾರಿಯಿಂದ ವೇಗ ಸಿಗದಿದ್ದರೆ ಗದಗ ರಸ್ತೆ ಹಿಡಿಯಿರಿ. ದೀಪ ಆರುವವರೆಗೆ ನಿಲ್ಲಿಸಬೇಡಿ. ದೀಪವನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳದೆ ಊರೊಳಗೇ ಸುತ್ತಿದರೆ ಗಾಡಿ ಎಳೆತ ಕಳೆದುಕೊಂಡು, ಕೊನೆಗೆ ವರ್ಕ್‌ಶಾಪಿನಲ್ಲಿ ಯಂತ್ರ ಹಚ್ಚಿ ಸುಡಿಸಬೇಕಾಗುತ್ತದೆ. ಹೊಸ ಫಿಲ್ಟರ್ ಹಾಕುವ ಪ್ರಸಂಗ ಬಂದರೆ ಕೆಲವು ಮಾಡೆಲ್‌ಗಳಲ್ಲಿ ಬಿಲ್ ಲಕ್ಷ ದಾಟುತ್ತದೆ.

ನಮ್ಮ ಭಾಗದಲ್ಲಿ ಇನ್ನೊಂದು ಅಪಾಯವೂ ಇದೆ. ನವಲಗುಂದ, ನರಗುಂದ, ಗದಗಿನ ಕಡೆ ಸುಗ್ಗಿಯಲ್ಲಿ ಹೆಸರು, ಹುರುಳಿ, ಕಡಲೆ ಗಿಡಗಳನ್ನು ಡಾಂಬರು ರಸ್ತೆಗೇ ಹಾಸಿ ಗಾಡಿಗಳಿಂದ ರಾಶಿ ತುಳಿಸುತ್ತಾರೆ. ಆ ಒಣ ಬಳ್ಳಿ ಕಾರಿನ ಅಡಿಯ ಕೊಳವೆಗೆ ಸುತ್ತಿಕೊಂಡಾಗ ಫಿಲ್ಟರ್ ಸುಡುತ್ತಿದ್ದರೆ ಬೆಂಕಿ ಹೊತ್ತಿಕೊಳ್ಳುವುದು ಕ್ಷಣದ ಮಾತು. ರಾಶಿ ಕಂಡರೆ ಬದಿಗೆ ಸರಿದು ಹೋಗಿ. ಹಾಯಲೇಬೇಕಾಯಿತು ಎಂದರೆ ದಾಟಿದೊಡನೆ ನಿಲ್ಲಿಸಿ, ಬಗ್ಗಿ ನೋಡಿ, ಕೊಳವೆ ಮುಟ್ಟದೆ ಕೋಲಿನಿಂದ ಹುಲ್ಲು ಎಳೆದುಹಾಕಿ. ಬಣವೆ ಪಕ್ಕ, ಹೊಟ್ಟಿನ ಮೇಲೆ ಕಾರು ನಿಲ್ಲಿಸಲೇಬೇಡಿ.

ಐದನೇ ಹೆಜ್ಜೆ: ಹೊಟ್ಟೆಗೆ ಹಾಕುವುದೇನು

ಎಂಜಿನ್ ಆಯಿಲ್ ಕಡಿಮೆ ಬೂದಿಯದೇ ಆಗಬೇಕು. ಮ್ಯಾನ್ಯುಯಲ್‌ನಲ್ಲಿ ಸಿ3 ಎಂದೋ ಸಿ2 ಎಂದೋ ಗ್ರೇಡ್ ಬರೆದಿರುತ್ತದೆ. ಮಸಿ ಸುಡುತ್ತದೆ, ಆಯಿಲಿನ ಬೂದಿ ಸುಡುವುದಿಲ್ಲ. ಅದು ಫಿಲ್ಟರಿನಲ್ಲೇ ಉಳಿಯುತ್ತದೆ.

ಕೆಲವು ಕಾರುಗಳಿಗೆ ಹೊಗೆ ಶುದ್ಧಿ ಮಾಡುವ ಡಿಇಎಫ್ ಎಂಬ ದ್ರಾವಣದ ಬೇರೆ ಟ್ಯಾಂಕ್ ಇರುತ್ತದೆ. ಅದರಲ್ಲಿರುವುದು ಶೇ 32.5 ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಹೊಲಕ್ಕೆ ತಂದ ಯೂರಿಯಾವನ್ನು ಕೊಡದಲ್ಲಿನ ನೀರಿಗೆ ಕಲಸಿ ಹಾಕುವ ಜಾಣತನ ಬೇಡ: ಆ ಗೊಬ್ಬರಕ್ಕೆ ಬೇವಿನೆಣ್ಣೆ ಲೇಪಿಸಿರುತ್ತಾರೆ, ಸಿಂಪಡಿಸುವ ನಳಿಕೆ ಕಟ್ಟಿಕೊಳ್ಳುತ್ತದೆ. ಡಿಇಎಫ್ ಪೂರ್ತಿ ಖಾಲಿಯಾದರೆ, ಮುನ್ನೆಚ್ಚರಿಕೆ ಕೊಟ್ಟ ಮೇಲೆ ಎಂಜಿನ್ ಮತ್ತೆ ಚಾಲೂ ಆಗದಂತೆ ಕಂಪ್ಯೂಟರೇ ತಡೆಯುತ್ತದೆ. ಟ್ರ್ಯಾಕ್ಟರಿಗೆಂದು ಬ್ಯಾರೆಲ್ಲಿನಲ್ಲಿಟ್ಟ ಡೀಸೆಲನ್ನೂ ಕಾರಿಗೆ ಹಾಕಬೇಡಿ. ಅದರ ತಳದ ನೀರು, ಧೂಳು ಎಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ತಿಂದುಹಾಕುತ್ತವೆ.

ಹಳೆಯದು ಕೊಳ್ಳುವುದಾದರೆ

ಬಿಎಸ್-6 ಡೀಸೆಲ್ ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ಎಂಜಿನ್ ತಣ್ಣಗಿರುವಾಗಲೇ ಆಯಿಲ್ ಕಡ್ಡಿ ಎಳೆದು ನೋಡಿ. ಮಟ್ಟ ಮೇಲಿನ ಗೆರೆ ದಾಟಿದ್ದು, ಮೂಸಿದರೆ ಡೀಸೆಲ್ ವಾಸನೆ ಬಂದರೆ ಆ ಕಾರು ಊರೊಳಗೇ ಓಡಿದ್ದು. ಸೈಲೆನ್ಸರ್ ತುದಿಗೆ ಬೆರಳಾಡಿಸಿ: ಫಿಲ್ಟರ್ ಸರಿಯಿದ್ದರೆ ಮಸಿ ಹತ್ತುವುದಿಲ್ಲವೆಂದೇ ಹೇಳಬಹುದು. ಬೆರಳು ಕಪ್ಪಾದರೆ ಫಿಲ್ಟರ್ ಒಡೆದಿದೆ, ಇಲ್ಲವೇ ಯಾರೋ ಕೊರೆದು ಒಳಗಿನದನ್ನು ತೆಗೆದಿದ್ದಾರೆ; ಅದು ಕಾನೂನಿಗೆ ವಿರುದ್ಧ. ಕೊನೆಗೆ ಮೆಕ್ಯಾನಿಕ್ಕಿನಿಂದ ಸ್ಕ್ಯಾನರ್ ಹಚ್ಚಿಸಿ ಫಿಲ್ಟರಿನಲ್ಲಿ ಮಸಿ ಎಷ್ಟಿದೆ, ಕಳೆದ ಸಲ ಸುಟ್ಟ ಮೇಲೆ ಎಷ್ಟು ಕಿ.ಮೀ. ಓಡಿದೆ ಎಂಬ ಎರಡು ಅಂಕಿ ತೆಗೆಸಿ. ಬೆಲೆಯ ಮಾತು ಆಮೇಲೆ.