ಕಾಟಾಚಾರದ ಪಾಲನೆಯಿಂದ ದಾಖಲಾದ ವಿನಾಯಿತಿಯ ಕಡೆಗೆ: ಒಂದು ಸಂಸ್ಥೆಯ ಪರಿಶೀಲನೆಯಲ್ಲಿ ನನ್ನ ಅನುಭವ

ಮಧ್ಯಮ ಗಾತ್ರದ ಸಂಸ್ಥೆಯೊಂದರ ಆಂತರಿಕ ಲೆಕ್ಕಪರಿಶೋಧನಾ ವಿಭಾಗದಲ್ಲಿದ್ದಾಗ, ಅಲ್ಲಿನ ಪಾರದರ್ಶಕತೆ ಮತ್ತು ಪ್ರಾಮಾಣಿಕತೆಯ ಸ್ಥಿತಿಗತಿಯನ್ನು ಪರಿಶೀಲಿಸಿ ವರದಿ ಕೊಡುವ ಹೊಣೆಯನ್ನು ಆಡಳಿತ ಮಂಡಳಿ ನನಗೆ ವಹಿಸಿತು. ಸಂಸ್ಥೆಗೆ ನೀತಿ ಸಂಹಿತೆ ಇತ್ತು, ಖರೀದಿ ನಿಯಮಾವಳಿ ಇತ್ತು, ದೂರು ಪೆಟ್ಟಿಗೆಯೂ ಇತ್ತು. ಇವೆಲ್ಲ ಇವೆಯೇ ಎಂದು ಗುರುತು ಹಾಕುತ್ತಾ ಹೋಗಿದ್ದರೆ ಕೆಲಸ ಬೇಗನೆ ಮುಗಿಯುತ್ತಿತ್ತು. ಆದರೆ ಅದರಿಂದ ತಿಳಿಯುವುದು ನಿಯಮ ಬರೆದವರ ಉದ್ದೇಶ ಮಾತ್ರ. ಆದ್ದರಿಂದ ನಿಯಮ ಎಲ್ಲೆಲ್ಲಿ ಸಡಿಲವಾಗುತ್ತದೆ, ಸಡಿಲಿಸಿದವರು ಯಾರು, ಅದಕ್ಕೆ ಕಾರಣವನ್ನು ಬರೆದಿಟ್ಟಿದ್ದಾರೆಯೇ ಎಂಬ ಪ್ರಶ್ನೆಗಳ ಮೇಲೆಯೇ ಇಡೀ ಪರಿಶೀಲನೆಯನ್ನು ಕಟ್ಟಿದೆ.

ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಗಳು ಬಳಸುವ ‘ಇಂಟೋಸೇಂಟ್’ ಎಂಬ ಸ್ವಯಂ ಮೌಲ್ಯಮಾಪನ ವಿಧಾನದ ಕ್ರಮ ನನಗೆ ಹಿಡಿಸಿತ್ತು. ಅದರಲ್ಲಿ ಮೊದಲು ಆಮಿಷಕ್ಕೆ ಸುಲಭವಾಗಿ ತುತ್ತಾಗಬಹುದಾದ ಕೆಲಸಗಳನ್ನು ಸಿಬ್ಬಂದಿಯೇ ಕೂತು ಗುರುತಿಸುತ್ತಾರೆ, ಆಮೇಲೆ ಅಲ್ಲಿರುವ ನಿಯಂತ್ರಣಗಳು ಎಷ್ಟು ಗಟ್ಟಿ ಎಂದು ತೂಗಿ ನೋಡುತ್ತಾರೆ. ನಮ್ಮಲ್ಲಿಯೂ ಹಾಗೆಯೇ ಮಾಡಿದೆವು. ಖರೀದಿ, ನೇಮಕಾತಿ, ಮುಂಗಡ ಹಣ ಮತ್ತು ಗುತ್ತಿಗೆ ನವೀಕರಣ ಎಂಬ ನಾಲ್ಕು ಕೆಲಸಗಳು ಮೇಲೆ ಬಂದವು. ಅವುಗಳಲ್ಲಿ ಖರೀದಿಯೇ ಹೆಚ್ಚು ಕಲಿಸಿತು.

ಒಂದು ಕಡತವನ್ನು ಇಲ್ಲಿ ವಿವರಿಸಲೇಬೇಕು. ನಿಯಮದಂತೆ ಅದರಲ್ಲಿ ಮೂರು ಕೊಟೇಶನ್‌ಗಳಿದ್ದವು, ದರಗಳ ತುಲನಾತ್ಮಕ ಪಟ್ಟಿ ಇತ್ತು, ಸಹಿಗಳೆಲ್ಲ ಇದ್ದವು. ಮೂರೂ ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ, ಮೂವರು ಬೇರೆ ಬೇರೆ ಸರಬರಾಜುದಾರರೂ ಒಂದೇ ವಸ್ತುವಿನ ಹೆಸರನ್ನು ಒಂದೇ ರೀತಿಯಲ್ಲಿ ತಪ್ಪಾಗಿ ಬರೆದಿದ್ದುದು ಕಣ್ಣಿಗೆ ಬಿತ್ತು. ಸ್ವೀಕೃತಿ ಮುದ್ರೆಗಳನ್ನು ತಾಳೆ ನೋಡಿದರೆ, ಮೂರನೆಯ ಕೊಟೇಶನ್ ಕಚೇರಿಗೆ ಬರುವ ಹಿಂದಿನ ದಿನವೇ ತುಲನಾತ್ಮಕ ಪಟ್ಟಿ ಸಿದ್ಧವಾಗಿತ್ತು. ಸಂಬಂಧಪಟ್ಟ ಗುಮಾಸ್ತರನ್ನು ಕೇಳಿದಾಗ ಅವರು ಏನನ್ನೂ ಮುಚ್ಚಿಡಲಿಲ್ಲ: “ಅರ್ಜೆಂಟ್ ಇತ್ತು ಸರ್, ಮೂರೂ ಕೊಟೇಶನ್ ಸರಬರಾಜುದಾರರೊಬ್ಬರೇ ತಂದುಕೊಟ್ಟರು.” ವಸ್ತು ಬಂದಿತ್ತು, ಗುಣಮಟ್ಟ ಸರಿಯಾಗಿತ್ತು, ದರವೂ ವಿಪರೀತವಾಗಿರಲಿಲ್ಲ. ಹಾಗಿದ್ದರೂ ಇದನ್ನು ನಾನು ಗಂಭೀರ ಲೋಪವೆಂದೇ ದಾಖಲಿಸಿದೆ. ಕಾಗದವನ್ನು ಹೊಂದಿಸಿಕೊಳ್ಳುವ ಅಭ್ಯಾಸ ಒಳ್ಳೆಯ ಉದ್ದೇಶದಿಂದಲೇ ಶುರುವಾಗಿದ್ದರೂ, ಕೆಟ್ಟ ಉದ್ದೇಶದವನು ಬಂದಾಗ ಅವನಿಗೆ ಬೇಕಾದ ದಾರಿ ಆಗಲೇ ತೆರೆದಿರುತ್ತದೆ.

ಕಾರಣ ಹುಡುಕುತ್ತಾ ಹೋದಾಗ ಖರೀದಿ ವಿಭಾಗದ ಆಚೆಗೂ ಹೋಗಬೇಕಾಯಿತು. ಬೇಡಿಕೆ ಸಲ್ಲಿಸುವ ವಿಭಾಗಗಳು ಕೊನೆಯ ಗಳಿಗೆಯವರೆಗೆ ಕಾಯುತ್ತಿದ್ದವು. ತುರ್ತು ಖರೀದಿಗೆ ನಿಯಮಾವಳಿಯಲ್ಲಿ ಅವಕಾಶವೇ ಇರಲಿಲ್ಲ. ಹೀಗಾಗಿ ತುರ್ತು ಬಂದಾಗಲೆಲ್ಲ ನಿಯಮ ಪಾಲಿಸಿದಂತೆ ತೋರಿಸುವುದೊಂದೇ ಉಪಾಯವಾಗಿತ್ತು. ನಾನು ಶಿಫಾರಸು ಮಾಡಿದ್ದು ಇನ್ನಷ್ಟು ಬಿಗಿಯಾದ ನಿಯಮವನ್ನಲ್ಲ, ವಿನಾಯಿತಿ ನೋಂದಣಿ ಪುಸ್ತಕವನ್ನು: ಒಬ್ಬರೇ ಸರಬರಾಜುದಾರರಿಂದ ಕೊಳ್ಳಬೇಕಾದ ಸಂದರ್ಭ ಬಂದರೆ ಕೊಳ್ಳಬಹುದು, ಆದರೆ ಕಾರಣ, ಮಂಜೂರು ಮಾಡಿದವರ ಹೆಸರು ಮತ್ತು ಬೇಡಿಕೆ ಬಂದ ದಿನಾಂಕವನ್ನು ಅದರಲ್ಲಿ ಬರೆಯಬೇಕು, ಪ್ರತಿ ತಿಂಗಳೂ ಅದನ್ನು ಎಲ್ಲ ಸಿಬ್ಬಂದಿಗೂ ಕಾಣುವಂತೆ ಇಡಬೇಕು. ಸುಳ್ಳು ಪಾಲನೆಗಿಂತ ಬಹಿರಂಗವಾಗಿ ಬರೆದಿಟ್ಟ ವಿನಾಯಿತಿಯೇ ಮೇಲು ಎಂಬುದು ಈ ಕೆಲಸದಲ್ಲಿ ನನಗೆ ದೃಢವಾಗಿರುವ ಅಭಿಪ್ರಾಯ.

ಲೆಕ್ಕದ ದತ್ತಾಂಶದ ಮೇಲೂ ಕೆಲವು ಪರೀಕ್ಷೆಗಳನ್ನು ನಡೆಸಿದೆವು. ಸರಬರಾಜುದಾರರ ಬ್ಯಾಂಕ್ ಖಾತೆಗಳನ್ನು ಸಿಬ್ಬಂದಿಯ ಖಾತೆಗಳೊಂದಿಗೆ ಹೋಲಿಸುವುದು ಸುಲಭದ ಕೆಲಸ, ಅದನ್ನು ಯಾವ ಸಂಸ್ಥೆಯೂ ಬಿಡಬಾರದು. ಬೆನ್‌ಫರ್ಡ್ ನಿಯಮವನ್ನೂ ಬಳಸಿದೆವು. ಅದರ ಪ್ರಕಾರ, ಸಹಜವಾಗಿ ಹುಟ್ಟುವ ಮೊತ್ತಗಳ ದೊಡ್ಡ ಪಟ್ಟಿಗಳಲ್ಲಿ ಮೊದಲ ಅಂಕಿ 1 ಆಗಿರುವುದು ಸುಮಾರು ಶೇ. 30ರಷ್ಟು, 9 ಆಗಿರುವುದು ಶೇ. 5ಕ್ಕಿಂತ ಕಡಿಮೆ. ಈ ಪ್ರಮಾಣಕ್ಕೆ ಹೊಂದದೆ, ಮಂಜೂರಾತಿ ಮಿತಿಗಿಂತ (ಅದನ್ನು ದಾಟಿದರೆ ಮೇಲಿನವರ ಒಪ್ಪಿಗೆ ಬೇಕು) ಸ್ವಲ್ಪವೇ ಕೆಳಗಿನ ಮೊತ್ತಗಳು ಅಸಹಜವಾಗಿ ಹೆಚ್ಚಿದ್ದರೆ, ಒಂದೇ ಖರೀದಿಯನ್ನು ತುಂಡು ಮಾಡಿರುವ ಸಾಧ್ಯತೆ ಇರುತ್ತದೆ. ಇದು ಸುಳಿವು ಮಾತ್ರ, ಸಾಕ್ಷ್ಯವಲ್ಲ. ಕಡತ ತೆರೆದು ನೋಡದೆ ಯಾರ ಮೇಲೂ ಬೆರಳು ತೋರಿಸಬಾರದು.

ದೂರು ವ್ಯವಸ್ಥೆಯ ವಿಷಯಕ್ಕೆ ನಾನು ಹೆಚ್ಚು ಸಮಯ ಕೊಟ್ಟೆ. ವಂಚನೆ ಪರಿಶೋಧಕರ ಅಂತರರಾಷ್ಟ್ರೀಯ ಸಂಘವಾದ ಎಸಿಎಫ್‌ಇಯ 2024ರ ವರದಿಯ ಪ್ರಕಾರ, ಅಧ್ಯಯನಕ್ಕೆ ಒಳಗಾದ ಪ್ರಕರಣಗಳಲ್ಲಿ ಶೇ. 43ರಷ್ಟು ಬೆಳಕಿಗೆ ಬಂದದ್ದು ಯಾರೋ ಕೊಟ್ಟ ಮಾಹಿತಿಯಿಂದ, ಆ ಮಾಹಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಸಿಬ್ಬಂದಿಯಿಂದಲೇ. ನಮ್ಮ ದೂರು ಪೆಟ್ಟಿಗೆಯಾದರೋ ಕಾವಲು ಕ್ಯಾಮೆರಾದ ನೇರ ಕೆಳಗಿತ್ತು, ಅದರ ಕೀಲಿ ಆಡಳಿತ ವಿಭಾಗದ ಮುಖ್ಯಸ್ಥರ ಬಳಿ ಇತ್ತು. ಸಿಬ್ಬಂದಿಯೊಂದಿಗೆ ಒಬ್ಬೊಬ್ಬರಾಗಿ ಮಾತನಾಡುವಾಗ, “ತಪ್ಪು ಕಂಡರೆ ಹೇಳುತ್ತೀರಾ?” ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಿದ್ದರು, “ಹಿಂದೆ ಯಾರಾದರೂ ಹೇಳಿದಾಗ ಏನಾಯಿತು?” ಎಂಬ ಪ್ರಶ್ನೆಗೇ ನಿಜವಾದ ಉತ್ತರ ಸಿಗುತ್ತಿತ್ತು. ಹೆಚ್ಚಿನವರು ಪ್ರತೀಕಾರಕ್ಕೆ ಹೆದರಿದ್ದಕ್ಕಿಂತ, ಹೇಳಿ ಪ್ರಯೋಜನವಿಲ್ಲವೆಂದು ಸುಮ್ಮನಾಗಿದ್ದರು. ಹಾಗಾಗಿ ದೂರುಗಳು ನೇರವಾಗಿ ಲೆಕ್ಕಪರಿಶೋಧನಾ ಸಮಿತಿಗೆ ತಲುಪುವಂತೆ ಮಾಡಿದೆವು. ತಪ್ಪನ್ನು ಬಯಲಿಗೆ ತರುವವರ ರಕ್ಷಣೆಗಾಗಿ ಐರೋಪ್ಯ ಒಕ್ಕೂಟ ಹೊರಡಿಸಿದ 2019ರ ನಿರ್ದೇಶನದಲ್ಲಿರುವ ಕಾಲಮಿತಿಯನ್ನೇ ತೆಗೆದುಕೊಂಡು, 7 ದಿನದೊಳಗೆ ಸ್ವೀಕೃತಿ, 3 ತಿಂಗಳೊಳಗೆ ಕ್ರಮದ ಬಗ್ಗೆ ಮಾಹಿತಿ ಕೊಡಬೇಕೆಂದು ನಿಗದಿಪಡಿಸಿದೆವು.

ಹಿತಾಸಕ್ತಿ ಸಂಘರ್ಷದ, ಅಂದರೆ ಸರಬರಾಜುದಾರರೊಂದಿಗೆ ಸ್ವಂತ ಸಂಬಂಧವಿದೆಯೇ ಎಂಬ, ಘೋಷಣೆಯಲ್ಲಿ ಸಣ್ಣ ಬದಲಾವಣೆ ಸಾಕಾಯಿತು. ವರ್ಷಕ್ಕೊಮ್ಮೆ ತುಂಬುವ ನಮೂನೆಯಲ್ಲಿ ಎಲ್ಲರೂ ‘ಇಲ್ಲ’ ಎಂದೇ ಬರೆಯುತ್ತಿದ್ದರು. ಸರಬರಾಜುದಾರರ ಹೆಸರುಗಳನ್ನು ಮುಂದಿಟ್ಟು ಪ್ರತಿ ಖರೀದಿಗೂ ಪ್ರತ್ಯೇಕ ಘೋಷಣೆ ಕೇಳತೊಡಗಿದ ಮೇಲೆ, ಖರೀದಿ ಸಮಿತಿಯ ಸದಸ್ಯರು ತಾವಾಗಿಯೇ ಕೆಲವು ಪ್ರಕರಣಗಳಿಂದ ಹಿಂದೆ ಸರಿದರು.

ಇವೆಲ್ಲ ಜಾರಿಗೆ ಬಂದ ನಂತರ ದೂರುಗಳು ಹೆಚ್ಚಾದವು, ವಿನಾಯಿತಿಗಳೂ ಹೆಚ್ಚಾದವು. ಪರಿಸ್ಥಿತಿ ಹದಗೆಟ್ಟಿತೆಂದು ಮಂಡಳಿಯ ಕೆಲವರು ಆತಂಕಪಟ್ಟಾಗ, ಮೊದಲು ಕಾಣದಿದ್ದದ್ದು ಈಗ ಕಾಣುತ್ತಿದೆ ಎಂದು ಹಳೆಯ ಮತ್ತು ಹೊಸ ಕಡತಗಳನ್ನು ಜೊತೆಗಿಟ್ಟು ತೋರಿಸಬೇಕಾಯಿತು. ನೋಂದಣಿ ಪುಸ್ತಕದಲ್ಲಿ ಒಂದೇ ವಿಭಾಗದ ಹೆಸರು ಪದೇ ಪದೇ ಬರುತ್ತಿದ್ದುದರಿಂದ ಆ ವಿಭಾಗದ ವಾರ್ಷಿಕ ಯೋಜನೆ ತಡವಾಗುತ್ತಿರುವುದು ತಿಳಿದು, ಅದನ್ನು ಸರಿಪಡಿಸಲಾಯಿತು. ಉನ್ನತ ಅಧಿಕಾರಿಗಳ ಪ್ರವಾಸ ಮತ್ತು ಆತಿಥ್ಯದ ವೆಚ್ಚ ಮಾತ್ರ ಇನ್ನೂ ಈ ನೋಂದಣಿಯ ಹೊರಗಿದೆ. ಮುಂದಿನ ಪರಿಶೀಲನೆ ಅಲ್ಲಿಂದಲೇ ಆರಂಭವಾಗಬೇಕೆಂದು ವರದಿಯಲ್ಲಿ ಬರೆದಿದ್ದೇನೆ.